ಬೀರುವಿನೊಳಗಿನ ಗುಳಿಗೆ

ಮೊದಲು ಸೋತದ್ದು ನನ್ನ ಎಡಗಣ್ಣಿನ ರೆಪ್ಪೆ. ಆಗ ನಾನು ಕರೂರಿನಲ್ಲಿ ಅಂಗನವಾಡಿ ಟೀಚರ್. ಮಧ್ಯಾಹ್ನ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ಒಬ್ಬ ಹುಡುಗಿ ನನ್ನ ಮುಖವನ್ನೇ ನೋಡಿ, "ಟೀಚರ್, ನಿಮ್ಮ ಒಂದ ಕಣ್ಣಿಗೆ ನಿದ್ದಿ ಬಂದೈತಿ" ಅಂದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ನಗುವಾಗ ತುಟಿ ಒಂದು ಕಡೆ ಎಳೆದುಕೊಳ್ಳಲೇ ಇಲ್ಲ ಅನ್ನುವುದು ನನಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಈ ಕಾಯಿಲೆಯ ಕಪಟವೆಂದರೆ ಬೆಳಿಗ್ಗೆ ಅದು ಇರುವುದೇ ಇಲ್ಲ. ಮುಂಜಾನೆ ಎದ್ದಾಗ ನಾನು ಎಲ್ಲರಂತೆ ಇರುತ್ತಿದ್ದೆ. ನೀರು ತರುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಹೊತ್ತು ಏರಿದಂತೆ ರೆಪ್ಪೆ ಇಳಿಯುತ್ತಿತ್ತು, ಮಾತು ಮೂಗಿನಿಂದ ಬರುತ್ತಿತ್ತು, ರೊಟ್ಟಿ ಅಗಿಯುತ್ತ ಅಗಿಯುತ್ತ ದವಡೆ ನಿಂತುಬಿಡುತ್ತಿತ್ತು. ಕೈಯಿಂದ ಗದ್ದ ಎತ್ತಿ ಹಿಡಿದು ಊಟ ಮುಗಿಸುತ್ತಿದ್ದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ ರಾಜಾಸಾಬ ಸಂಜೆ ಬಸ್ಸಿಗೆ ಮನೆಗೆ ಬಂದು, "ಮುಂಜಾನಿ ಚಲೋ ಇದ್ದಿ, ಈಗೇನಾತು? ದಣಿವು ಇರಬೇಕು, ಮಲಕ್ಕ" ಅನ್ನುತ್ತಿದ್ದ. ಅತ್ತೆ ದರ್ಗಾದಿಂದ ದಾರ ತಂದು ಕೈಗೆ ಕಟ್ಟಿದರು. ದಾರ ಕಟ್ಟಿದ್ದು ಬೆಳಿಗ್ಗೆ, ಆದ್ದರಿಂದ ಗುಣವೂ ಕಂಡಿತು. ಮಧ್ಯಾಹ್ನಕ್ಕೆ ಅದು ಸುಳ್ಳಾಯಿತು.

ಒಂದು ಸಂಜೆ ಕುಡಿದ ನೀರು ಮೂಗಿನಿಂದ ವಾಪಸು ಬಂತು. ಕೆಮ್ಮಲೂ ಶಕ್ತಿಯಿಲ್ಲದೆ ಗೋಡೆ ಹಿಡಿದು ನಿಂತಿದ್ದೆ. ಮಗಳು ರೇಷ್ಮಾ ಆಗಿನ್ನೂ ಒಂದನೇ ತರಗತಿ. ಅವಳು ಚೀರಿ ಅಳತೊಡಗಿದಳು. ಮಾರನೇ ದಿನ ಬಳ್ಳಾರಿಯಿಂದ ನನ್ನ ಅಣ್ಣ ಕಾಸೀಮ ಬಂದ.

ಅಣ್ಣನ ಬಗ್ಗೆ ಹೇಳಬೇಕು. ನಮ್ಮದು ಪಿಂಜಾರರ ಮನೆ. ಅಪ್ಪ ಸಿರುಗುಪ್ಪದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ಅಪ್ಪ ತೀರಿಕೊಂಡಾಗ ಅಣ್ಣ ಲಾರಿಯ ಕ್ಲೀನರ್. ನನ್ನ ಮದುವೆ ಮಾಡಿದಾಗ ಡ್ರೈವರ್. ಆಮೇಲೆ ಮೈನಿಂಗ್ ಜೋರಾಯಿತು. ಅದಿರು ಹೊರುವ ಲಾರಿಗಳು ಹಗಲೂ ರಾತ್ರಿ ಓಡತೊಡಗಿದವು. ಅಣ್ಣ ಒಂದು ಹಳೆ ಟಿಪ್ಪರ್ ಕೊಂಡ, ಅದರ ಹಿಂದೆ ಹೊಸವೂ ಬಂದವು. ಸತ್ಯನಾರಾಯಣಪೇಟೆಯಲ್ಲಿ ಹಳೇ ಮನೆ ಕೊಂಡು ಮೇಲೆ ಮಹಡಿ ಎತ್ತಿದ. ಕರೂರಿಗೆ ಬಂದಾಗ ಅವನ ಜೀಪಿನ ಗಾಜಿನ ಮೇಲೆ ಕೆಂಪು ಧೂಳು ಕೂತಿತ್ತು. ನನ್ನ ಮುಖ ನೋಡಿದವನೇ ರಾಜಾಸಾಬನಿಗೆ, "ಇಷ್ಟು ದಿನ ಮನಿಯಾಗ ಯಾಕ ಇಟ್ಕೊಂಡ್ರಿ? ನನಗೊಂದು ಫೋನ್ ಮಾಡಾಕ ಆಗ್ಲಿಲ್ಲೇನು?" ಅಂದ. ರಾಜಾಸಾಬ ಒಳಗಿನಿಂದ ಚೀಲ ತಂದುಕೊಟ್ಟ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಜೀಪು ಹತ್ತಿದೆ. ವಾರದಲ್ಲಿ ಬರುತ್ತೇನೆಂದು ರೇಷ್ಮಾಳಿಗೆ ಹೇಳಿದ್ದೆ.

ಬಳ್ಳಾರಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನನ್ನನ್ನು ಸೇರಿಸಿದರು. ತಲೆಯ ಫೋಟೋ, ಎದೆಯ ಫೋಟೋ, ರಕ್ತ, ಮತ್ತೆ ರಕ್ತ. ಒಬ್ಬರು ಪಾರ್ಶ್ವವಾಯು ಅಂದರು. ಇನ್ನೊಬ್ಬರು ಅಣ್ಣನನ್ನು ಆಚೆ ಕರೆದು, "ಮನೆಯಲ್ಲಿ ಅತ್ತೆಯ ಜೊತೆ ಏನಾದರೂ ಇದೆಯಾ?" ಎಂದು ಕೇಳಿದರಂತೆ. ಇದು ಮನಸ್ಸಿನ ಕಾಯಿಲೆ ಎಂದು ಅವರಿಗೆ ಅನಿಸಿತ್ತು. ಅಣ್ಣ ಬಂದು ನನ್ನನ್ನು ಕೇಳಿದಾಗ ಅತ್ತುಬಿಟ್ಟೆ. ಅಳುವಾಗಲೂ ಮುಖ ಅಳಲಿಲ್ಲ, ನೀರು ಮಾತ್ರ ಇಳಿಯಿತು.

ಕೊನೆಗೆ ಹೈದರಾಬಾದಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ನರದ ಡಾಕ್ಟರು ನನ್ನನ್ನು ನೋಡಿದರು. ಮೇಲಕ್ಕೆ ನೋಡುತ್ತಲೇ ಇರು ಅಂದರು. ನೋಡುತ್ತ ನೋಡುತ್ತ ಎರಡೂ ರೆಪ್ಪೆ ಇಳಿದವು. ಅವರು ತಲೆಯಾಡಿಸಿ ಒಂದು ಉದ್ದದ ಹೆಸರು ಹೇಳಿದರು, ಮಯಾಸ್ತೀನಿಯಾ. ನರ ಕಳಿಸುವ ಸುದ್ದಿ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ, ಅಷ್ಟೇ ನನಗೆ ಅರ್ಥವಾದದ್ದು. ಒಂದು ಬಿಳಿ ಗುಳಿಗೆ ನುಂಗಿಸಿದರು. ಟೀ ಕುಡಿಯುವಷ್ಟು ಹೊತ್ತಿನಲ್ಲಿ ರೆಪ್ಪೆ ತಾನಾಗಿಯೇ ಎದ್ದಿತು. ಎದುರಿನ ಗೋಡೆ ಪೂರ್ತಿ ಕಂಡಿತು. "ಅಣ್ಣ" ಅಂದೆ. ನನ್ನದೇ ದನಿ! ಹೊತ್ತೇರಿದ ಮೇಲೆ ಅದನ್ನು ಕೇಳಿ ಎಷ್ಟೋ ತಿಂಗಳಾಗಿತ್ತು. ಅಣ್ಣ ಡಾಕ್ಟರ ಎರಡೂ ಕೈ ಹಿಡಿದುಕೊಂಡ.

"ಗುಣ ಆಗೋದು ಕಷ್ಟ. ಆದರೆ ಗುಳಿಗೆ ತಗೊಂಡ್ರೆ ಎಲ್ಲರ ಹಾಗೆ ಇರಬಹುದು. ದಿನಾ, ಹೊತ್ತು ಹೊತ್ತಿಗೆ. ಬಹುಶಃ ಜೀವನಪೂರ್ತಿ" ಎಂದರು ಡಾಕ್ಟರು.

"ಎಷ್ಟರ ಆಗ್ಲಿ ಡಾಕ್ಟ್ರ, ನೀವು ಬರೀರಿ. ಅಗ್ಗದ್ದು ಬ್ಯಾಡ, ದೊಡ್ಡ ಕಂಪನಿ ಮಾಲೇ ಬರೀರಿ" ಎಂದ ಅಣ್ಣ.

ಅವರು ಬರೆದ ಚೀಟಿ ಕಾಗದದ ಬುಡದವರೆಗೆ ಇತ್ತು. ಆ ಗುಳಿಗೆ ಮೊದಲನೆಯದು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಶಕ್ತಿಗೆ, ರಕ್ತಕ್ಕೆ, ಹಸಿವಿಗೆ ಎಂದು ಸಾಲಾಗಿ ಇನ್ನೂ ಹಲವು. ಎಲ್ಲವೂ ನರ್ಸಿಂಗ್ ಹೋಮಿನ ಕೆಳಗಿನ ಅಂಗಡಿಯಲ್ಲೇ ಸಿಗುತ್ತಿದ್ದವು, ಬೇರೆಲ್ಲೂ ಸಿಗುತ್ತಿರಲಿಲ್ಲ. ತಿಂಗಳ ಚೀಟಿಯ ಬಿಲ್ಲು ರಾಜಾಸಾಬನ ಗಿರಣಿ ಪಗಾರಕ್ಕಿಂತ ದೊಡ್ಡದು. ಬಿಲ್ಲು ನೋಡಿದ ಮೇಲೆ ರಾಜಾಸಾಬ ನನ್ನನ್ನು ಮನೆಗೆ ಕರೆದುಕೊಂಡು ಹೋಗುವ ಮಾತೆತ್ತಲಿಲ್ಲ.

ಹೀಗೆ ನಾನು ಸತ್ಯನಾರಾಯಣಪೇಟೆಯ ಮನೆಯಲ್ಲಿ ಉಳಿದೆ.

ಮಹಡಿಯ ಮೇಲೆ ನನಗೊಂದು ಕೋಣೆ, ಫ್ಯಾನು, ಹೊಸ ಗಾದಿ. ಏನೂ ಕಡಿಮೆಯಿರಲಿಲ್ಲ. ಅತ್ತಿಗೆ ಜೈನಬಿ ಕುರುಗೋಡಿನವರು, ಮಾತು ಕಡಿಮೆ, ಕೈ ಉದಾರ. ಆದರೆ ಗುಳಿಗೆಗಳು ನನ್ನ ಕೋಣೆಯಲ್ಲಿ ಇರಲಿಲ್ಲ. ಕೆಳಗೆ ಅವರ ಕೋಣೆಯ ಬೀರುವಿನಲ್ಲಿ, ಬಂಗಾರದ ಡಬ್ಬಿಯ ಪಕ್ಕದಲ್ಲಿ ಇದ್ದವು. "ಅಷ್ಟು ಬೆಲಿಬಾಳೋ ಮಾಲು, ಮನಿಗೆ ಹತ್ತು ಮಂದಿ ಬರ್ತಾರ, ಹೋಗ್ತಾರ" ಎಂದು ಅಣ್ಣ ಮೊದಲ ದಿನವೇ ಅಲ್ಲಿಡಿಸಿದ್ದ. ಹೊತ್ತಾದಾಗ ಅತ್ತಿಗೆ ಸೊಂಟದ ಬೀಗದಕೈ ತೆಗೆದು ಬೀರು ತೆರೆದು ಒಂದು ಗುಳಿಗೆ ನನ್ನ ಅಂಗೈಗೆ ಹಾಕುತ್ತಿದ್ದರು. ನಾನು ನೀರು ಕುಡಿದು ಮುಗಿಸುವತನಕ ನಿಂತಿರುತ್ತಿದ್ದರು. ಅದರಲ್ಲಿ ಕೆಡುಕು ಏನೂ ಇರಲಿಲ್ಲ. ಅಂಗೈ ಚಾಚಿ ಕಾಯುವ ಆ ಗಳಿಗೆ ಮಾತ್ರ ನನಗೆ ಒಗ್ಗಲಿಲ್ಲ.

ಇಂಥ ಗುಳಿಗೆಯ ಮೇಲೆ ಬದುಕುವವರಿಗೆ ಇದು ಗೊತ್ತಿರುತ್ತದೆ. ಗುಳಿಗೆ ಹತ್ತಿದಾಗ ನೀವು ಮನುಷ್ಯರು. ಅದು ಇಳಿಯುತ್ತ ಬಂದಾಗ ಮೈ ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತದೆ. ಮೊದಲು ಕಣ್ಣು, ಆಮೇಲೆ ಮಾತು, ಆಮೇಲೆ ಗಂಟಲು. ಒಳಗೆ ನೀವು ಪೂರ್ತಿ ಎಚ್ಚರ. ಹೊರಗಿನವರಿಗೆ ನೀವು ಮಂಕು ಹಿಡಿದವರಂತೆ ಕಾಣುತ್ತೀರಿ. ಅಣ್ಣನ ಮನೆಗೆ ಬಂದವರು ನನ್ನೆದುರಿಗೇ, "ಪಾಪ, ಮೊದ್ಲ ಹಿಂಗಿದ್ಲೇನು?" ಎಂದು ಕೇಳುತ್ತಿದ್ದರು.

ರಾಜಾಸಾಬ ಭಾನುವಾರಗಳಲ್ಲಿ ಬರುತ್ತಿದ್ದ. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಟೀ ಕುಡಿದು, ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದ. ಒಂದು ಸಲ ಅವನು ಜೇಬಿನಿಂದ ಕಾಗದದಲ್ಲಿ ಸುತ್ತಿದ ಗುಳಿಗೆ ತೆಗೆದ. ಒಂದೇ ಒಂದು ಪಟ್ಟಿ. ಅದೇ ಅಂಗಡಿಯಿಂದ ತಂದಿದ್ದ. "ಈ ತಿಂಗಳು ಇಷ್ಟ ಆತು" ಎಂದು ನನ್ನ ಕೈಗೆ ಕೊಟ್ಟ. ಅಣ್ಣ ಅದನ್ನು ನೋಡಿ ನಕ್ಕು ಅವನ ಬೆನ್ನು ತಟ್ಟಿದ. "ಇರ್ಲಿ ಬಿಡ್ರಿ, ನೀವ್ಯಾಕ ತ್ರಾಸು ತಗೋತೀರಿ, ನಾ ಅದೀನಲ್ಲ." ಆಮೇಲೆ ರಾಜಾಸಾಬ ಗುಳಿಗೆ ತರಲಿಲ್ಲ. ಕೆಲವು ಭಾನುವಾರ ತಾನೂ ಬರಲಿಲ್ಲ.

ಅಂಗನವಾಡಿಗೆ ರಾಜೀನಾಮೆ ಕೊಟ್ಟೆ. ಎಷ್ಟು ದಿನವೆಂದು ಸಹಾಯಕಿ ಒಬ್ಬಳೇ ನೋಡಿಕೊಂಡಾಳು? ರಂಜಾನಿಗೆ ರೇಷ್ಮಾಳನ್ನು ಕರೆದುಕೊಂಡು ಬಂದಾಗ ಅವಳು ನನ್ನ ಕೋಣೆಯ ಬಾಗಿಲಲ್ಲೇ ನಿಂತಳು. ಅತ್ತೆಯ ಹಿಂದೆ ಅಡಗಿ, "ಇದು ಬಳ್ಳಾರಿ ಅಮ್ಮನ ಮನಿ" ಎಂದಳು. ಬಳ್ಳಾರಿ ಅಮ್ಮ! ಹಾಗಾದರೆ ಕರೂರಿನ ಅಮ್ಮ ಯಾರು? ಅವರು ಹೋದ ಮೇಲೆ ಅಣ್ಣನಿಗೆ ಹೇಳಿದೆ.

"ಅಣ್ಣ, ನಾ ಮನಿಗೆ ಹೋಕ್ಕೀನಿ."

"ಇದು ಮನಿ ಅಲ್ಲೇನು?"

"ನಮ್ಮನಿಗೆ."

ಅವನು ಲೆಕ್ಕದ ಫೋನು ಮುಗಿಸಿ ನನ್ನ ಕಡೆ ತಿರುಗಿದ. "ಹೋಗು, ಯಾರು ಬ್ಯಾಡ ಅಂತಾರ? ಗುಳಿಗಿ ಯಾರು ತರ್ತಾರ ಹೇಳು. ನಿನ್ನ ಗಂಡ ತರ್ತಾನೇನು? ನಾ ಕಳಿಸ್ತೀನಂದ್ರ ಅವ ತಗಂತಾನೇನು? ನುಂಗಾಕ ಬರದ ಸತ್ರ ಯಾರು ಜವಾಬು?" ಅಪ್ಪ ಕೊನೆಗಾಲದಲ್ಲಿ ಔಷಧಿಯಿಲ್ಲದೆ ನರಳಿದ್ದನ್ನು ಅವನು ನೋಡಿದ್ದ. ಪ್ರೀತಿಯಿಂದ ಆಡಿದ ಮಾತು ಅದು. ಅದಕ್ಕೇ ಅದರಿಂದ ಬಿಡಿಸಿಕೊಳ್ಳುವುದು ಆಗಲಿಲ್ಲ. ಬೈದಿದ್ದರೆ ಎದ್ದು ಹೋಗಬಹುದಿತ್ತು.

ಹೀಗೆ ವರುಷ ಕಳೆದ ಮೇಲೆ ಆ ದಿನ ಬಂತು. ಕುರುಗೋಡಿನಲ್ಲಿ ಅತ್ತಿಗೆಯ ತಂಗಿಯ ನಿಶ್ಚಿತಾರ್ಥ. ಅಣ್ಣ ಲೋಡಿನ ಕೆಲಸಕ್ಕೆ ಊರಾಚೆ ಹೋಗಿದ್ದ. ನನಗೆ ನೆಗಡಿ, ಸಣ್ಣ ಜ್ವರ. ಅತ್ತಿಗೆ ಬೆಳಗಿನ ಗುಳಿಗೆ ಕೊಟ್ಟರು. ಮಧ್ಯಾಹ್ನದ್ದನ್ನು ತೆಗೆದಿಟ್ಟು ಹೋಗಬೇಕಿತ್ತು. ಹೊರಡುವ ಗಡಿಬಿಡಿಯಲ್ಲಿ ಬೀರು ಹಾಕಿಕೊಂಡು ಹೋಗಿಬಿಟ್ಟರು. ಗುಳಿಗೆ ಇಟ್ಟಿಲ್ಲವೆಂದು ನನಗೆ ಗೊತ್ತಾದದ್ದು ಅದನ್ನು ನುಂಗುವ ಹೊತ್ತಾದಾಗ.

ಮೊದಮೊದಲು ಧೈರ್ಯವಾಗಿದ್ದೆ. ಇನ್ನೇನು ಬರುತ್ತಾರೆ ಎಂದುಕೊಂಡೆ. ನೆಗಡಿ ಬಂದರೆ ಈ ಕಾಯಿಲೆ ಇಮ್ಮಡಿಯಾಗುತ್ತದೆ ಎಂದು ಆಗ ತಿಳಿದಿರಲಿಲ್ಲ. ಕಣ್ಣು ಮುಚ್ಚಿತು. ಕತ್ತು ನಿಲ್ಲಲಿಲ್ಲ. ಫೋನು ಹಚ್ಚಿದೆ, ಅತ್ತಿಗೆ ಎತ್ತಿದರು. "ಅತ್ತಿಗಿ, ಗುಳಿಗಿ" ಅನ್ನಬೇಕು. ಬಾಯಿಂದ ಬಂದದ್ದು ಮೂಗಿನ ಗುಂಯ್ ಮಾತ್ರ. ಅಲ್ಲಿ ವಾಲಗದ ಸದ್ದು. "ಹಲೋ, ಯಾರು? ಹಲೋ?" ಎಂದು ಇಟ್ಟುಬಿಟ್ಟರು. ನಾನು ಬೀರುವಿನ ಮುಂದೆ ಕೂತೆ. ಕಬ್ಬಿಣದ ಬಾಗಿಲಿಗೆ ಹಣೆ ಆನಿಸಿದೆ. ನನ್ನ ದನಿ, ನನ್ನ ಉಸಿರು ಎರಡೂ ಅದರ ಆಚೆಗೆ ಇದ್ದವು. ಜೊಲ್ಲು ನುಂಗಲಾಗದೆ ಸೆರಗು ತೋಯ್ದಿತ್ತು.

ಹೇಗೋ ಗೋಡೆ ಹಿಡಿದು ಪಕ್ಕದ ಮನೆಯ ಸರೋಜಮ್ಮನ ಬಾಗಿಲಿಗೆ ಬಿದ್ದೆ. ಅವರು ತೆಲುಗಿನಲ್ಲೇ ಕೂಗಿ ಆಟೋ ಕರೆದರು. ನರ್ಸಿಂಗ್ ಹೋಮಿನ ಹೆಸರು ಹೇಳಲು ನನಗೆ ಬಾಯಿರಲಿಲ್ಲ. "ದೊಡ್ಡಾಸ್ಪತ್ರಿಗೆ ನಡಿಯಪ್ಪಾ, ಜಲ್ದಿ" ಎಂದು ಸರೋಜಮ್ಮ ತಾವೇ ತೀರ್ಮಾನ ಮಾಡಿದರು. ಅಣ್ಣ ಎಂದೂ ಕಾಲಿಡಬೇಡ ಅಂದಿದ್ದ ಸರ್ಕಾರಿ ಆಸ್ಪತ್ರೆಗೆ ನಾನು ಹೀಗೆ ಹೋದೆ.

ಅಲ್ಲಿದ್ದವರು ಒಬ್ಬ ಲೇಡಿ ಡಾಕ್ಟರು, ಮೈಸೂರು ಕಡೆಯ ಮಾತು. ನನ್ನ ರೆಪ್ಪೆ ನೋಡಿದರು, ಉಸಿರು ನೋಡಿದರು, ಸೂಜಿ ಕೊಟ್ಟರು, ಮೂಗಿಗೆ ಆಮ್ಲಜನಕ ಹಾಕಿದರು. ಸ್ವಲ್ಪ ಹೊತ್ತಿಗೆ ಗಂಟಲು ಬಿಟ್ಟುಕೊಂಡಿತು. ಒಂದು ಗುಟುಕು ನೀರು ಒಳಗೆ ಇಳಿಯಿತು. ಆ ಗುಟುಕನ್ನು ನಾನು ಮರೆಯಲಾರೆ.

ಸರೋಜಮ್ಮ ಸುದ್ದಿ ಕಳಿಸಿದ್ದರಿಂದ ಅಷ್ಟರಲ್ಲಿ ಅಣ್ಣನ ಡ್ರೈವರ್ ನನ್ನ ಕೋಣೆಯಿಂದ ಚೀಟಿ ತಂದು ಕೊಟ್ಟಿದ್ದ. ಡಾಕ್ಟರು ಅದನ್ನು ಮೇಲಿಂದ ಕೆಳಗೆ ಓದಿ, "ಯಾರಮ್ಮ ಇಷ್ಟೊಂದು ನುಂಗಿಸಿದ್ದು?" ಎಂದರು. ಪೆನ್ನು ತೆಗೆದು ಶಕ್ತಿಯದ್ದಕ್ಕೆ ಗೆರೆ ಎಳೆದರು. ರಕ್ತದ್ದಕ್ಕೆ ಎಳೆದರು. ಗೆರೆ ಎಳೆಯುತ್ತ ಎಳೆಯುತ್ತ ಕೊನೆಗೆ ಉಳಿದದ್ದು ಎರಡು. "ನಿನಗೆ ಬೇಕಾದ್ದು ಇವೆರಡೇ. ಒಂದು ನಮ್ಮಲ್ಲೇ ಪುಕ್ಕಟೆ ಸಿಗುತ್ತೆ. ಈ ಮೊದಲನೇದು ನಮ್ಮ ಪಟ್ಟಿಯಲ್ಲಿ ಇಲ್ಲ. ಇದರ ಮೇಲೆ ಬರೆದಿರೋದು ಕಂಪನಿಯ ಹೆಸರು. ಔಷಧದ ಹೆಸರು ಬೇರೆ. ಅದೇ ಔಷಧ ಬೇರೆ ಕಂಪನಿಯವರು ಎಷ್ಟೋ ಕಡಿಮೆಗೆ ಮಾಡ್ತಾರೆ. ಆದರೆ ಅದು ಇಲ್ಲಿನ ಅಂಗಡಿಗಳಲ್ಲಿ ಸಿಗಲ್ಲ, ಆಸ್ಪತ್ರೆಯೇ ತರಿಸಬೇಕು."

"ಮತ್ತ ಇಲ್ಲಿ ಯಾಕ ಇಟ್ಟಿಲ್ರಿ ಮೇಡಂ?"

"ಇಂಥ ರೋಗಿಗಳೇ ಇಲ್ಲ ಅಂತಾರೆ ಮೇಲಿನವರು. ಇಲ್ಲಿ ಸಿಗಲ್ಲ ಅಂತ ನೀವು ಬರಲ್ಲ. ನೀವು ಬರಲ್ಲ ಅಂತ ಅವರು ತರಿಸಲ್ಲ" ಎಂದು ಅವರು ಚೀಟಿ ವಾಪಸು ಕೊಟ್ಟರು.

ಸಂಜೆ ಅಣ್ಣ ಬಂದವನು ವಾರ್ಡಿನ ಬಾಗಿಲಲ್ಲೇ ನಿಂತ. ಒಂದೇ ಮಂಚದ ಮೇಲೆ ನಾನೂ ಇನ್ನೊಬ್ಬಳೂ ಇದ್ದೆವು. ಅವನ ಮುಖದಲ್ಲಿ ಹೆದರಿಕೆಯೂ ನಾಚಿಕೆಯೂ ಒಟ್ಟಿಗೆ ಇದ್ದವು. "ನಮ್ಮ ಮನಿ ಹೆಣ್ಣುಮಗಳು ಇಲ್ಲೇ ಮಲಗೋದು ಅಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದ. ಆರಾಮಾದ ಕೂಡಲೇ ಜೀಪಿನಲ್ಲಿ ಮನೆಗೆ ಕರೆದೊಯ್ದ. ಮನೆಯಲ್ಲಿ ಅತ್ತಿಗೆ ನನ್ನ ಕಾಲ ಹತ್ತಿರ ಕೂತು ಅತ್ತರು. ಬೀಗದಕೈ ನನ್ನ ಮಡಿಲಿಗೆ ಹಾಕಿ, "ನೀನ ಇಟ್ಕೊ ಮಾಬುನ್ನಿ, ನನಗ ಬ್ಯಾಡ ಇದು" ಎಂದರು. ಇಟ್ಟುಕೊಂಡೆ. ಆದರೆ ಗುಳಿಗೆ ತರುವವನು ಅಣ್ಣನೇ. ಬೀಗದಕೈ ನನ್ನದಾದರೂ ಬೀರು ಅವನದೇ.

ಡಾಕ್ಟರು ಮತ್ತೆ ತೋರಿಸಲು ಬಾ ಎಂದಿದ್ದರು. ಹೋಗಬೇಡ ಎಂದ ಅಣ್ಣ. ಅವನು ಲೋಡಿಗೆ ಹೋದ ಬೆಳಿಗ್ಗೆ ಅತ್ತಿಗೆ ತಾವಾಗಿಯೇ ಮೇಲೆ ಬಂದು, "ಹೋಗ್ ಬಾ. ಕೇಳಿದ್ರ ನಾ ನೋಡ್ಕಂತೀನಿ" ಎಂದರು. ಸರೋಜಮ್ಮನ ಜೊತೆ ಹೋದೆ.

ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಾನು ಮೊದಲ ಬಾರಿಗೆ ನನ್ನಂಥವರನ್ನು ನೋಡಿದೆ. ಕುರುಗೋಡಿನ ವೀರಭದ್ರಪ್ಪ ಅನ್ನುವ ಮುದುಕರು. ಕಲ್ಲು ಒಡೆಯುತ್ತಿದ್ದವರು. ಎಡ ರೆಪ್ಪೆಯನ್ನು ಹುಬ್ಬಿಗೆ ಪ್ಲಾಸ್ಟರ್ ಹಚ್ಚಿ ಎತ್ತಿ ನಿಲ್ಲಿಸಿದ್ದರು. ನನ್ನ ಕಣ್ಣು ನೋಡಿ ಅವರೇ ಮಾತಾಡಿಸಿದರು.

"ಏನಮ್ಮಾ, ನಿಂದೂ ಮಧ್ಯಾಹ್ನ ಆದ್ರ ಬಾಗಿಲು ಹಾಕ್ಕಂತೈತೇನು?"

"ಹೌದು ತಾತ. ನೀವು ಗುಳಿಗಿ ತಗಳಂಗಿಲ್ಲೇನು?"

"ತಗಂತೀನಿ, ಅರ್ಧ ಅರ್ಧ. ಪೂರ್ತಿ ತಗಂಡ್ರ ಮನ್ಯಾಗ ಉಳಿದೋರು ಏನು ತಿನ್ನಬೇಕು? ಅರ್ಧ ಗುಳಿಗಿಗೆ ಒಂದ ಕಣ್ಣು ತೆರಿತೈತಿ. ಸಾಕು, ನನಗೇನು ಇನ್ನ ಹೆಣ್ಣು ನೋಡೋದೈತೇನು?" ಎಂದು ನಕ್ಕರು. ಅವರ ನಗುವೂ ನನ್ನದರಂತೆ ಮೇಲೇರದೆ ನಿಂತಿತು. ಆ ಅರೆ ನಗುವನ್ನು ಇನ್ನೊಬ್ಬರ ಮುಖದಲ್ಲಿ ಕಂಡಾಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ಇದನ್ನು ಓದುವವರಲ್ಲಿ ಒಬ್ಬರಿಗಾದರೂ ಈ ಕಾಯಿಲೆ ಇದ್ದರೆ, ಅವರಿಗೆ ಆ ಸಮಾಧಾನ ಮುಟ್ಟಲಿ ಎಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಡಾಕ್ಟರು ನಮ್ಮಿಬ್ಬರನ್ನೂ, ರಾರಾವಿಯಿಂದ ಬಂದಿದ್ದ ಇದೇ ಕಾಯಿಲೆಯ ಒಬ್ಬ ಹೆಂಗಸನ್ನೂ ಕರೆದುಕೊಂಡು, ಗುಳಿಗೆ ತರಿಸಿಕೊಡಿ ಎಂದು ಕೇಳಲು ಆಸ್ಪತ್ರೆಯ ಮುಖ್ಯಸ್ಥರ ಕೋಣೆಗೆ ಹೋದರು. ಹೊರಗಿನ ಬೆಂಚಿನಲ್ಲಿ ಬಹಳ ಹೊತ್ತು ಕೂರಿಸಿದರು. ನನ್ನ ಗುಳಿಗೆಯ ಹೊತ್ತು ಮೀರುತ್ತಿತ್ತು, ಗುಳಿಗೆ ಕೆಳಗೆ ಕಾಯುತ್ತಿದ್ದ ಸರೋಜಮ್ಮನ ಚೀಲದಲ್ಲಿತ್ತು. ಒಳಗೆ ಕರೆದಾಗ ನಾನೇ ಮಾತಾಡುತ್ತೇನೆಂದು ಮುಂದೆ ನಿಂತೆ. ಟೀಚರ್ ಆಗಿದ್ದವಳಲ್ಲವೇ, ಮನಸ್ಸಿನಲ್ಲಿ ಎಲ್ಲ ಜೋಡಿಸಿಕೊಂಡಿದ್ದೆ. "ಸರ್, ಈ ಗುಳಿಗೆ ಇಲ್ಲೇ ಸಿಕ್ಕರೆ ನಾವು ನಮ್ಮ ನಮ್ಮ ಮನೆಯಲ್ಲಿ..." ಅಷ್ಟಕ್ಕೆ ದನಿ ಮೂಗಿಗೆ ಹೋಯಿತು. ಮತ್ತೆ ಪ್ರಯತ್ನಿಸಿದೆ. ಗೊರಗೊರ ಸದ್ದು ಬಂತು. ರೆಪ್ಪೆ ಮುಚ್ಚಿಕೊಂಡಿತು. ಕಣ್ಣೀರು ಬಂತು, ಮಾತು ಬರಲಿಲ್ಲ.

ವೀರಭದ್ರಪ್ಪ ತಮ್ಮ ಹುಬ್ಬಿನ ಪ್ಲಾಸ್ಟರನ್ನು ಸರಕ್ಕನೆ ಕಿತ್ತರು. ರೆಪ್ಪೆ ಬಿದ್ದುಹೋಯಿತು. "ನೋಡ್ರಿ ಸಾಹೇಬ್ರ, ಅಕಿ ಹೇಳೋದು ಇದನ್ನ" ಎಂದರು.

ಮುಖ್ಯಸ್ಥರು ಎದ್ದು ನನಗೆ ಕುರ್ಚಿ ಕೊಟ್ಟರು. ಸರೋಜಮ್ಮನ ಹತ್ತಿರದಿಂದ ಗುಳಿಗೆ ತರಿಸಿ, ನಾನು ನುಂಗುವತನಕ ಕಾದರು. ಆಮೇಲೆ ಡಾಕ್ಟರಿಗೆ ಹೇಳಿದರು, "ಕಂಪನಿ ಹೆಸರು ಬರೆದು ಕಳಿಸಿದ್ರೆ ನಾನು ಪಾಸ್ ಮಾಡಲ್ಲ. ಔಷಧದ ಹೆಸರು ಬರೀರಿ. ಎಲ್ಲ ಕಂಪನಿಯವರಿಂದ ರೇಟ್ ಕರೀತೀನಿ. ಗುಣಮಟ್ಟ ಪಾಸಾಗಿ ಯಾರು ಕಡಿಮೆ ಹೇಳ್ತಾರೋ ಅವರದು. ಇರೋ ದುಡ್ಡಿನಲ್ಲಿ ಒಬ್ಬರಿಗೆ ಕೊಡೋದನ್ನ ಹಲವರಿಗೆ ಕೊಡಬಹುದು. ಆದರೆ ಇವರು ತಿಂಗಳು ತಿಂಗಳು ಇಲ್ಲೇ ಬಂದು ಹೆಸರು ಬರೆಸಬೇಕು. ಬರೋದು ನಿಲ್ಲಿಸಿದ್ರೆ ಔಷಧವೂ ನಿಲ್ಲುತ್ತೆ."

ತಿಂಗಳುಗಳು ಹಿಡಿದವು. ಪ್ರತಿ ಸಲ ಹೋಗಿ ಹೆಸರು ಬರೆಸಿ ಬರಿಗೈಯಲ್ಲಿ ಬರುತ್ತಿದ್ದೆವು. ಅಣ್ಣನಿಗೆ ಗೊತ್ತಾಗಿ ರಂಪವೂ ಆಯಿತು. ಕೊನೆಗೊಂದು ದಿನ ಕಿಟಕಿಯ ಒಳಗಿನಿಂದ ಹಳದಿ ಬಣ್ಣದ ಪಟ್ಟಿಗಳು ಹೊರಬಂದವು. ಸಪ್ಪೆ ಕಾಗದ, ಸಣ್ಣಕ್ಷರ, ಹೊಳಪಿಲ್ಲ. ಕೈಯಲ್ಲಿ ಹಿಡಿದಾಗ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಇದು ಹತ್ತದಿದ್ದರೆ? ಇಷ್ಟು ದಿನ ಅಣ್ಣ ಹೇಳಿದ್ದೇ ಕಿವಿಯಲ್ಲಿತ್ತು, ಪುಕ್ಕಟೆ ಗುಳಿಗಿ ಅಂದ್ರ ಸುಣ್ಣದ ಉಂಡಿ.

"ಭಯ ಇದ್ದರೆ ನಾಳೆ ಬಂದು ಇಲ್ಲೇ ನುಂಗು. ಸಂಜೆತನಕ ನನ್ನ ಕಣ್ಣೆದುರಿಗೇ ಇರು" ಎಂದರು ಡಾಕ್ಟರು.

ರಾಜಾಸಾಬನಿಗೆ ಹೇಳಿ ಕಳಿಸಿದ್ದೆ. ಗಿರಣಿಗೆ ರಜೆ ಹಾಕಿ ಮೊದಲ ಬಸ್ಸಿಗೇ ಬಂದಿದ್ದ. ಆ ದಿನ ಅಣ್ಣನ ಬೀರುವಿನ ಗುಳಿಗೆ ತೆಗೆದುಕೊಳ್ಳದೆ ಹೋಗಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೊಸ ಗುಳಿಗೆ ನುಂಗಿದೆ. ರಾಜಾಸಾಬ ನನ್ನ ರೆಪ್ಪೆಯನ್ನೇ ನೋಡುತ್ತ ಕೂತ. ಮದುವೆಯಾದ ಹೊಸತರಲ್ಲೂ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. ಮಧ್ಯಾಹ್ನವಾಯಿತು, ಇನ್ನೊಂದು ನುಂಗಿದೆ. ಹೊಟ್ಟೆ ಸ್ವಲ್ಪ ತೊಳಸಿತು. ಹೊತ್ತು ಇಳಿಯುವಾಗ ಡಾಕ್ಟರು ಬಂದು, "ನಿಲ್ಲಿಸದೆ ಮಾತಾಡು ನೋಡೋಣ, ಏನಾದರೂ ಸರಿ" ಎಂದರು.

ಏನು ಮಾತಾಡಲಿ? ನನಗೆ ಬಾಯಿಪಾಠ ಇದ್ದದ್ದು ಕರೂರಿನ ನನ್ನ ಮಕ್ಕಳ ಹಾಜರಿ. ಹೇಳತೊಡಗಿದೆ. ಈರಮ್ಮ, ಹುಲಿಗೆಮ್ಮ, ಖಾಜಾ, ಮಲ್ಲಿಕಾರ್ಜುನ, ಸಣ್ಣ ಈರಮ್ಮ, ಫಾತಿಮಾ... ಒಂದೊಂದು ಹೆಸರಿಗೆ ಒಂದೊಂದು ಮುಖ ಬಂತು. ಹೆಸರುಗಳು ಮುಗಿದವು, ದನಿ ಮುಗಿಯಲಿಲ್ಲ. ಮತ್ತೆ ಮೊದಲಿನಿಂದ ಹೇಳಿದೆ. ರಾಜಾಸಾಬ ಮುಖಕ್ಕೆ ಟವೆಲು ಒತ್ತಿಕೊಂಡ.

ಅಣ್ಣನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವನು ಹಳದಿ ಪಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದ.

"ಇದರ ಮ್ಯಾಲ ಜೀವ ಇಡ್ತೀಯಾ? ನಾ ಏನು ಕಡಿಮಿ ಮಾಡಿದ್ದೆ ಹೇಳು."

"ಏನೂ ಕಡಿಮಿ ಮಾಡ್ಲಿಲ್ಲಣ್ಣ. ನೀ ಇರದಿದ್ರ ನಾ ಉಳೀತಿದ್ದಿಲ್ಲ. ಆದ್ರ ಇಲ್ಲಿಂದ ಹೊರಗ ಹೋಗಾಕ ನನಗ ದಾರಿ ಇದ್ದಿಲ್ಲ. ಈಗ ಐತಿ."

"ಊರು ಏನನ್ನತೈತಿ? ತಂಗಿಗೆ ಗುಳಿಗಿ ಕೊಡಿಸಲಾರದ ಸರ್ಕಾರಿ ಸಾಲಿನ್ಯಾಗ ನಿಂದ್ರಿಸಿದ ಅಂತೈತಿ."

ನಾನು ಚೀಲ ಎತ್ತಿಕೊಂಡು ಕೆಳಗಿಳಿದೆ. ಅವನು ಕೆಳಗೆ ಬಂದು ಕಳಿಸಿಕೊಡಲಿಲ್ಲ. ಅತ್ತಿಗೆ ಬಸ್ಸಿಗೆ ರೊಟ್ಟಿ ಕಟ್ಟಿಕೊಟ್ಟರು.

ಕರೂರಿಗೆ ಬಂದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ರೇಷ್ಮಾ ಎಷ್ಟೋ ದಿನ ನನ್ನ ಪಕ್ಕ ಮಲಗಲಿಲ್ಲ. ಅಂಗನವಾಡಿಗೆ ಬೇರೆಯವರು ಬಂದಿದ್ದರು. ಆ ಟೀಚರ್ ಒಳ್ಳೆಯವಳು, ಬೆಳಗಿನ ಹೊತ್ತು ಮಕ್ಕಳಿಗೆ ಕಥೆ ಹೇಳಲು ಕರೆಯುತ್ತಾಳೆ, ಹೋಗುತ್ತೇನೆ. ತಿಂಗಳಿಗೊಮ್ಮೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಬಳ್ಳಾರಿ ಬಸ್ಸು ಹಿಡಿದು, ಅದಿರು ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಕೆಲವೊಮ್ಮೆ ಕಿಟಕಿಯವರು "ಸ್ಟಾಕ್ ಇಲ್ಲ, ಮುಂದಿನ ವಾರ ಬರ್ರಿ" ಎನ್ನುತ್ತಾರೆ. ಆಗ ನಾವು ಅಲ್ಲೇ ಕೂರುತ್ತೇವೆ. ವೀರಭದ್ರಪ್ಪ ತಾತ ಈಗ ಪೂರ್ತಿ ಗುಳಿಗೆ ನುಂಗುತ್ತಾರೆ, ಎರಡೂ ಕಣ್ಣು ತೆರೆದು ಜಗಳಾಡುತ್ತಾರೆ. ಡಾಕ್ಟರು ಬಂದು ಎಲ್ಲಿಂದಲೋ ಹೊಂದಿಸಿ ಕೊಡುವತನಕ ಏಳುವುದಿಲ್ಲ. ಗುಳಿಗೆಯಿಂದ ನನಗೆ ಬಿಡುಗಡೆ ಇಲ್ಲ. ಅದು ಯಾರ ಕೈಯಿಂದ ಬರಬೇಕು ಅನ್ನುವುದರಿಂದ ಮಾತ್ರ ಬಿಡುಗಡೆ ಸಿಕ್ಕಿತು.

ಆಮೇಲೆ ಮೈನಿಂಗ್ ನಿಂತಿತು. ಒಂದೊಂದಾಗಿ ಗಣಿ ಮುಚ್ಚಿದರು. ರಸ್ತೆಗಳು ಖಾಲಿಯಾದವು. ಅಣ್ಣನ ಟಿಪ್ಪರುಗಳು ಸಾಲಾಗಿ ಬಯಲಿನಲ್ಲಿ ನಿಂತಿವೆ ಎಂದು ಸುದ್ದಿ ಬಂತು. ಹಬ್ಬಕ್ಕೆ ಹೋದಾಗ ಎರಡು ಮಾತಾಡಿದ್ದ, ಅಷ್ಟೇ. ಒಂದು ತಿಂಗಳು ನಾನು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಾಗ ಗೇಟಿನ ಹತ್ತಿರ ಅವನನ್ನು ಕಂಡೆ. ತೆಳ್ಳಗಾಗಿದ್ದ. ಒಳಗೆ ಬರುವುದೋ ಬೇಡವೋ ಎಂದು ನಿಂತಿದ್ದ. ನಾನು ಬರುವ ದಿನ ಯಾವುದೆಂದು ಅತ್ತಿಗೆ ಹೇಳಿರಬೇಕು. ಸಾಲು ಬಿಟ್ಟು ಅವನ ಹತ್ತಿರ ಹೋದೆ.

"ಯಾಕಣ್ಣ, ಆರಾಮಿಲ್ಲೇನು?"

"ಸಕ್ಕರಿ ಕಾಯಿಲಿ. ಬಿಪಿನೂ ಐತಿ. ಎರಡು ವರ್ಷ ಆತು. ಗುಳಿಗಿ ಬಿಟ್ಟು ಎರಡು ತಿಂಗಳಾತು" ಎಂದ. ಜೇಬಿನಿಂದ ಚೀಟಿ ತೆಗೆದ. ಅದೂ ಕಾಗದದ ಬುಡದವರೆಗೆ ಇತ್ತು.

"ಅತ್ತಿಗಿಗೆ ಗೊತ್ತೈತೇನು?"

ಇಲ್ಲವೆಂದು ತಲೆಯಾಡಿಸಿದ. ಸುತ್ತಲೂ ನೋಡಿ ದನಿ ತಗ್ಗಿಸಿದ. "ಇಲ್ಲಿ ನಮ್ಮ ಗುರುತಿನೋರು ಯಾರರ ಬರ್ತಾರೇನ?"

"ಎಲ್ಲಾರೂ ಬರ್ತಾರಣ್ಣ" ಎಂದೆ.

ಅವನು ಸಾಲನ್ನು ತುದಿಯಿಂದ ತುದಿಗೆ ನೋಡಿದ. ನಾನು ಅವನ ಕೈಯಿಂದ ಚೀಟಿ ತೆಗೆದುಕೊಳ್ಳಲಿಲ್ಲ, ಅದು ಅವನ ಹತ್ತಿರವೇ ಇರಲಿ ಅನಿಸಿತು. "ಬಾ" ಎಂದೆ. ನನ್ನ ಜಾಗ ಬಿಟ್ಟು ಸಾಲಿನ ಕೊನೆಗೆ ಹೋಗಿ ನಿಂತೆ. ಅಣ್ಣ ಬಂದು ನನ್ನ ಹಿಂದೆ ನಿಂತ.